ಹೂವಿನ ಪುಡಿ ಕೇಳಿದ ತಿಬ್ಬಮ್ಮ

ನಮ್ಮಜ್ಜಿಗೆ ಅವರಜ್ಜಿ ಹೇಳಿದ ಕತೆ ಇದು, ಕಂದ. ಅಷ್ಟು ಹಿಂದಿನ ಕಾಲದಲ್ಲಿ ಒಂದು ಕೋಟೆ ಊರು, ಆ ಊರಲ್ಲಿ ತಿಬ್ಬಮ್ಮ ಅಂತ ಒಬ್ಬಳಿದ್ದಳಂತೆ. ಗಂಡ ಇಲ್ಲ, ಮಕ್ಕಳಿಲ್ಲ, ಕಣ್ಣು ಕಾಣದ ಮುದಿ ಅಪ್ಪ ಒಬ್ಬ, ಮನೆ ಹಿಂದೆ ನಾಲ್ಕು ಮಾರು ಹಿತ್ತಲು, ಇಷ್ಟೇ ಅವಳ ಸಂಸಾರ. ಅವಳು ಹುಟ್ಟಿದ ಊರು ಬೇರೆ. ಆ ಊರ ಹೊಳೆಗೆ ರಾಜ ಕಟ್ಟೆ ಕಟ್ಟಿಸಿದಾಗ ಊರಿಗೆ ಊರೇ ನೀರಲ್ಲಿ ಮುಳುಗಿಹೋಯ್ತಂತೆ. ಎಲ್ಲರೂ ಪಾತ್ರೆ ಪಡಗ ಹೊತ್ಕೊಂಡು ದನ ಕರು ಹೊಡ್ಕೊಂಡು ಹೊರಟ್ರೆ, ಇವಳಪ್ಪ ಹಿತ್ತಲಲ್ಲಿ ಕೂತು ಹಳದಿ ಟೊಮ್ಯಾಟೊ ಹಣ್ಣು ಹಿಸುಕಿ, ಬೀಜನ ಬೂದಿಲಿ ಕಲಸಿ, ಬಟ್ಟೆ ತುಂಡಲ್ಲಿ ಗಂಟು ಹಾಕಿ ಸೊಂಟಕ್ಕೆ ಕಟ್ಕೊಂಡು ಬಂದನಂತೆ. ಟೊಮ್ಯಾಟೊಗೆ ಆಗ ಚಪ್ಪರಬದನೆ ಅಂತಿದ್ರು. ಮುಷ್ಟಿ ದಪ್ಪದ ಹಣ್ಣು, ಅರಿಸಿನದ ಬಣ್ಣ, ತೆಳು ಸಿಪ್ಪೆ. ವರ್ಷದ ಮೊದಲ ಹಣ್ಣು ಕೈಗೆ ಕೊಟ್ರೆ ಮುದುಕ ಮೂಸಿ ನೋಡಿ, ಇದೇ ಕಣವ್ವ ನಮ್ಮೂರು, ಅನ್ನೋನಂತೆ.

ಹಿಂಗಿರೋವಾಗ ಒಂದು ವರ್ಷ ಗಿಡಗಳಿಗೆ ಬಾಡುರೋಗ ಬಂತಂತೆ. ಬೆಳಗ್ಗೆ ಹಸಿರಾಗಿರೋ ಗಿಡ ಮಧ್ಯಾಹ್ನಕ್ಕೆ ಬಿಸಿನೀರು ಹುಯ್ದಂಗೆ ಜೋತು ಬೀಳೋದು. ತಿಬ್ಬಮ್ಮ ಮಣ್ಣು ಬದಲಾಯಿಸಿದಳು, ಬೇವಿನ ಹಿಂಡಿ ಹಾಕಿದಳು, ಕೇಳಲಿಲ್ಲ. ಆಮೇಲೆ ಏನು ಮಾಡಿದಳು, ಬೀಜದ ದಿನ ಹೊಂಗೆ ಮರದಡಿಗೆ ಹೋದಳಂತೆ. ಯುಗಾದಿ ಕಳೆದ ಮೇಲೆ ಒಂದಿನ ಆ ಊರಲ್ಲಿ ಹಿತ್ತಲು ಮಾಡೋರೆಲ್ಲ ಅಲ್ಲಿ ಸೇರಿ ಬೀಜಕ್ಕೆ ಬೀಜ ಬದಲಾಯಿಸ್ಕೋತಿದ್ರು. ತಿಬ್ಬಮ್ಮ ತನ್ನದೊಂದು ಚಿಟಿಕೆ ಕೊಟ್ಟು ಕುಂಬಾರಗಿತ್ತಿ ಹತ್ರ ಮಡಿಕೆ ಮಡಿಕೆಯಾಗಿರೋ ಕುಂಬಳದಂಥ ಚಪ್ಪರಬದನೆ ಬೀಜ ತಂದಳು. ಅದೂ ಬಾಡ್ತು. ಹೂವಾಡಗಿತ್ತಿ ಹತ್ರ ಹಸಿರು ಗೆರೆ ಇರೋದನ್ನ ತಂದಳು. ಅದೂ ಬಾಡ್ತು. ಊರಲ್ಲೆಲ್ಲ ಬಾಡದೆ ನಿಂತಿದ್ದು ಒಂದೇ ಒಂದು ಜಾತಿ, ಮಾಯಿಗಯ್ಯನ ಬೇಲಿಯಲ್ಲಿದ್ದ ಗೋಲಿ ಗಾತ್ರದ ಕೆಂಪು ಹಣ್ಣು, ಬಾಯಿಗಿಟ್ರೆ ಕಿವಿ ತನಕ ಹುಳಿ.

ಈ ಮಾಯಿಗಯ್ಯ ಬೀಜದ ದಿನಕ್ಕೆ ಬರ್ತಾನೇ ಇರಲಿಲ್ಲ. ಹಿಂದೆ ಯಾರಿಗೋ ನಂಬಿ ಬದನೆ ಬೀಜ ಕೊಟ್ಟಿದ್ದ. ತಗೊಂಡೋನು ಅದನ್ನ ಅರಮನೆಗೆ ಒಯ್ದು, ಇದು ನಮ್ಮ ತಾತನ ಕಾಲದ್ದು ಅಂತ ಹೇಳಿ ಶಾಲು ಹೊದಿಸ್ಕೊಂಡು ಬಂದಿದ್ದ. ಅವತ್ತಿಂದ ಮಾಯಿಗಯ್ಯ ಮನೆದೇವರ ಮೇಲೆ ಆಣೆ ಇಟ್ಟಿದ್ದನಂತೆ, ನನ್ನ ಬೇಲಿ ದಾಟಿ ಒಂದು ಬೀಜ, ಒಂದು ಸಸಿ, ಒಂದು ಹಣ್ಣು ಹೋಗಕೂಡದು ಅಂತ.

ತಿಬ್ಬಮ್ಮ ಹೋಗಿ ಬೀಜ ಕೇಳಿದಳು. ಆಣೆ ಐತೆ, ಆಗಲ್ಲ ಅಂದ. ಮಾರನೇ ವರ್ಷ ಒಂದು ಸಸಿ ಕೇಳಿದಳು. ಆಗಲ್ಲ ಅಂದ. ಮೂರನೇ ವರ್ಷಕ್ಕೆ ಅವಳ ಹತ್ರ ಹಳೇ ಬೀಜ ತಳ ಕಂಡಿತ್ತು, ಹುಟ್ಟಿದ್ದರಲ್ಲಿ ಎರಡೇ ಗಿಡ ಹೂವಿಗೆ ಬಂದಿದ್ವು. ಮುದುಕ ದಿನಾ ಗೋಡೆ ಹಿಡ್ಕೊಂಡು ಬಂದು, ಹಣ್ಣಾಯ್ತೇನವ್ವ ಅಂತ ಕೇಳೋನು. ಅವಳು ಇನ್ನೂ ಇಲ್ಲ ಕಣಪ್ಪ ಅನ್ನೋಳು.

ಒಂದಿನ ಅವಳು ಕುಂಬಳದ ಬಳ್ಳಿ ಹತ್ರ ಕೂತು, ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸ್ತಿದ್ದಳಂತೆ, ಕಾಯಿ ಕಚ್ಚಲಿ ಅಂತ. ಮುಟ್ಟಿಸ್ತಾ ಮುಟ್ಟಿಸ್ತಾ ಕೈ ನಿಂತುಹೋಯ್ತು. ಎದ್ದು ಸೀದಾ ಮಾಯಿಗಯ್ಯನ ಬೇಲಿ ಹತ್ರ ಹೋದಳು.

ಮಾಯಿಗಣ್ಣ, ಬೀಜ ಬೇಡ, ಸಸಿ ಬೇಡ, ಹಣ್ಣೂ ಬೇಡ. ನಿನ್ನ ಹೂವಿಂದ ಒಂಚೂರು ಪುಡಿ ಉದುರಿಸ್ಕೋತೀನಿ, ಅದಕ್ಕೂ ಆಣೆ ಐತಾ ಅಂದಳು.

ಮಾಯಿಗಯ್ಯಂಗೆ ನಗು ಬಂತಂತೆ. ಗಾಳಿ ಬೀಸಿದ್ರೆ ಹೋಗೋ ಪುಡಿಗೆ ಯಾವ ಆಣೆ, ತಗೊಂಡು ಹೋಗಮ್ಮ ಅಂದ.

ಅವಳು ವೀಳ್ಯದೆಲೆ ಮೇಲೆ ಪುಡಿ ಉದುರಿಸ್ಕೊಂಡು ಬಂದಳು. ಚಪ್ಪರಬದನೆ ಹೂವಲ್ಲಿ ಗಂಡು ಹೆಣ್ಣು ಒಂದೇ ಹೂವಲ್ಲಿರುತ್ತೆ ಕಂದ. ಅದಕ್ಕೆ ಅವಳು ಮೊಗ್ಗು ಬಿರಿಯೋ ಮುಂಚೇನೇ ಬಿಡಿಸಿ, ಸುತ್ತಲಿನ ಗಂಡು ಕೇಸರನೆಲ್ಲ ಮುಳ್ಳಿನ ತುದೀಲಿ ಕಿತ್ತು, ನಡುವಿನ ಹೆಣ್ಣು ಕಡ್ಡಿಗೆ ಕೋಳಿಗರೀಲಿ ಪುಡಿ ಸವರಿದಳಂತೆ. ಮೊದಲನೇ ಮೊಗ್ಗು ಮುರೀತು. ಎರಡನೇದು ಎರಡು ದಿನಕ್ಕೆ ಉದುರಿತು. ಮೂರನೇದು ಕಾಯಿ ಕಚ್ಚಿತು. ಅದಕ್ಕೆ ಗುರುತಿಗೆ ದಾರ ಕಟ್ಟಿದಳು. ಕಾಯಿ ಬಲೀತಾ ಬಂದಂಗೆ ಗಿಡ ಬಾಡೋಕೆ ಶುರುವಾಯ್ತು. ಅವಳು ಅಳಲಿಲ್ಲ, ಕಾಯಿ ಕಿತ್ತು ಹುಲ್ಲಲ್ಲಿಟ್ಟು ಹಣ್ಣು ಮಾಡಿ, ಬೀಜ ತೆಗೆದು ಒಣಗಿಸಿದಳಂತೆ.

ಆಮೇಲೆ ಅದರಲ್ಲಿ ಹತ್ತು ಬೀಜ ಬಿತ್ತಿದಳು. ಹತ್ತೂ ಹುಟ್ಟಿದ್ವು, ಹತ್ತರಲ್ಲಿ ಒಂದೂ ಬಾಡಲಿಲ್ಲ. ಆದ್ರೆ ಹಣ್ಣು ಬಂದಾಗ ನೋಡ್ತಾಳೆ, ಎಲ್ಲ ಕೆಂಪು, ಎಲ್ಲ ಸಣ್ಣ, ಹಳದಿಯ ಸುಳಿವೇ ಇಲ್ಲ. ಅಪ್ಪನ ಕೈಗೆ ಒಂದು ಕೊಟ್ಟಳು. ಅವನು ಮೂಸಿ ನೋಡಿ ಪಕ್ಕಕ್ಕಿಟ್ಟ.

ಅಷ್ಟರಲ್ಲಿ ಮಾಯಿಗಯ್ಯನ ಕಿವಿಗೆ ಬಿತ್ತು. ಬಂದು ನೋಡಿದ, ಮುಖ ಕಪ್ಪಿಟ್ಟಿತು. ಪುಡಿ ಅಂತ ಹೇಳ್ಕೊಂಡು ಬಂದು ನನ್ನ ಹಣ್ಣು ಕದ್ದಿದ್ದೀಯ ಅಂದ. ಚಾವಡಿಗೆ ದೂರು ಹೋಯ್ತು. ಊರೋರೆಲ್ಲ ಹಣ್ಣು ನೋಡಿದ್ರು, ಮಾಯಿಗಯ್ಯನ ಹಣ್ಣೇ ಅಂದ್ರು. ಬೀಜಕಳ್ಳರನ್ನ ಆ ಊರಲ್ಲಿ ಇರಗೊಡ್ತಿರಲಿಲ್ಲವಂತೆ. ಕಣ್ಣಿಲ್ಲದ ಅಪ್ಪನ್ನ ಕರ್ಕೊಂಡು ಎಲ್ಲಿಗೆ ಹೋಗೋದು? ತಿಬ್ಬಮ್ಮ ಪಟೇಲರ ಮುಂದೆ ನಿಂತು ಹೇಳಿದಳು: "ಸ್ವಾಮಿ, ಈ ಹಣ್ಣಿನ ಬೀಜ ನೀವೇ ತೆಗೀರಿ, ನೀವೇ ಬಿತ್ತಿ. ನಾನು ಕದ್ದಿದ್ರೆ ಮಾಯಿಗಣ್ಣನ ಗಿಡದಂಗೆ ಎಲ್ಲ ಕೆಂಪೇ ಬರ್ತಾವೆ, ನಾನು ಊರು ಬಿಡ್ತೀನಿ. ಇದರೊಳಗೆ ನಮ್ಮಪ್ಪನ ಬೀಜ ಇದ್ರೆ ಎಲ್ಲಾದರೂ ಒಂದು ಕಡೆ ಹಳದಿ ಬಂದೇ ಬರುತ್ತೆ."

ಬರುತ್ತೆ ಅಂತ ಅವಳಿಗೇನೂ ಗೊತ್ತಿರಲಿಲ್ಲ. ಅಜ್ಜನ ಮೂಗು ಮೊಮ್ಮಗಳಿಗೆ ಬರೋದನ್ನ ನೋಡಿದ್ದಳು, ಅಷ್ಟೇ.

ಪಟೇಲರು ಒಪ್ಪಿದ್ರು. ಚಾವಡಿ ಹಿಂದೆ ನಲವತ್ತು ಗುಣಿ ತೋಡಿಸಿ, ತಾವೇ ಬೀಜ ಹಾಕಿ ಬೇಲಿ ಕಟ್ಟಿಸಿದ್ರು. ನಾಲ್ಕು ತಿಂಗಳು ತಿಬ್ಬಮ್ಮ ಆ ಕಡೆ ತಲೆ ಹಾಕಂಗಿರಲಿಲ್ಲ. ಸೌದೆಗೆ ಹೋದ್ರೂ ಸುತ್ತು ಬಳಸಿ ಹೋಗೋಳು. ಮೊದಲ ಗಿಡ ಹಣ್ಣಾಯ್ತು, ಕೆಂಪು. ಎರಡನೇದು ಕೆಂಪು. ಹನ್ನೊಂದು ಗಿಡ ಕೆಂಪಾದಾಗ ಅವಳು ಪಾತ್ರೆ ಮೂಟೆ ಕಟ್ಟೋಕೆ ಶುರು ಮಾಡಿದಳಂತೆ.

ಹನ್ನೆರಡನೇ ಗಿಡದ ಹಣ್ಣು ಹಳದಿ.

ಪಟೇಲರು ಎಲ್ಲಾರನ್ನೂ ಕರೆಸಿದ್ರು. ಕಡೆಗೆ ಲೆಕ್ಕ ಹಾಕಿದ್ರೆ ನಲವತ್ತರಲ್ಲಿ ಒಂಬತ್ತು ಹಳದಿ. ಒಂಬತ್ತರಲ್ಲಿ ಮೂರು ಬಾಡಿದ್ವು, ಐದು ಗೋಲಿಯಂಥವು, ಒಂದೇ ಒಂದು ಗಿಡದಲ್ಲಿ ಹಣ್ಣು ನಿಂಬೆಗಿಂತ ಒಂಚೂರು ದಪ್ಪ. ಮಾಯಿಗಯ್ಯ ಆ ಗಿಡದ ಮುಂದೆ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದ. ಆಮೇಲೆ ತಿಬ್ಬಮ್ಮನ ಕಡೆ ತಿರುಗಿ, ತಪ್ಪು ತಿಳ್ಕೊಂಡೆ ಕಣಮ್ಮ ಅಂದ. ಇದರ ಬೀಜ ನಂಗೊಂದು ಚಿಟಿಕೆ ಕೊಡ್ತೀಯಾ ಅಂತ ಕೇಳಿದ.

ನಿನ್ನ ಆಣೆ ಏನಾಯ್ತು ಅಂದಳು ತಿಬ್ಬಮ್ಮ.

ಆಣೆ ಕೊಡೋದಕ್ಕಿತ್ತು, ತಗೊಳ್ಳೋದಕ್ಕಿರಲಿಲ್ಲ ಅಂದನಂತೆ.

ಆಮೇಲೆ ಎರಡು ಹಿತ್ತಲಲ್ಲೂ ಆ ಬೀಜ ಬಿತ್ತಿ, ದಪ್ಪಗಿದ್ದದ್ದನ್ನ ಆರಿಸಿ ಆರಿಸಿ ಇಟ್ಟು, ಇನ್ನೂ ಮೂರು ವರ್ಷ ಕಳೀತು. ಹಣ್ಣು ಮುಷ್ಟಿ ದಪ್ಪ ಆಯ್ತು, ಗಿಡ ಬಾಡೋದು ನಿಂತುಹೋಯ್ತು. ಆ ಯುಗಾದಿಗೆ ಮಾಯಿಗಯ್ಯ ದೇವರಿಗೆ ತಪ್ಪು ಕಾಣಿಕೆ ಕಟ್ಟಿ, ಎಷ್ಟೋ ಕಾಲದ ಮೇಲೆ ಹೊಂಗೆ ಮರದಡಿಗೆ ಬಂದು ಕೂತನಂತೆ.

ಮೊದಲ ಹಣ್ಣನ್ನ ತಿಬ್ಬಮ್ಮ ಅಪ್ಪನ ಕೈಗಿಟ್ಟಳು. ಮಾಯಿಗಯ್ಯನೂ ಜಗಲಿ ಮೇಲಿದ್ದ. ಮುದುಕ ಮೂಸಿದ, ಕಚ್ಚಿದ, ನಿಧಾನಕ್ಕೆ ಅಗಿದ. ನಮ್ಮೂರದ್ದಲ್ಲ ಕಣವ್ವ ಇದು ಅಂದ.

ಒಂಚೂರು ಹುಳಿ ಮುಂದಾಗೈತೆ, ಇನ್ನೊಂದು ಕೊಡು ಅಂದ ಮುದುಕ.

ಆ ಹುಳಿ ನಮ್ಮ ಹಿತ್ತಲದ್ದು ಯಜಮಾನ್ರೇ, ಅಂದನಂತೆ ಮಾಯಿಗಯ್ಯ.

ಮುದುಕ ಇನ್ನೂ ಎಂಟು ವರ್ಷ ಆ ಹಣ್ಣು ತಿಂದ್ಕೊಂಡು ಚೆನ್ನಾಗಿದ್ದನಂತೆ. ಅವರು ಅಲ್ಲಿ ಸುಖವಾಗಿದ್ರು, ನನ್ನ ಕತೆ ಇಲ್ಲಿಗೆ ತೀರ್ತು. ಹೂಂ ಅನ್ನೋರು ಮಲಗೇಬಿಟ್ರಲ್ಲ.