ಆನೆಗಳ ಜಗಳ, ಮುಳ್ಳುಹಂದಿಯ ಕೆಸು

“ಕೆಸುವಿನ ಎಲೆ ಹಳದಿ ತಿರುಗ್ತಿದೆ. ಆನೆಗಳ ಸುದ್ದಿ ಆಮೇಲೆ ಕೇಳಿ. ಮೊದಲು ಮಡಿ ನೋಡಿ.”

ಮುಳ್ಳುಹಂದಿಯ ಹೆಂಡತಿ ಗಂಡನಿಗೆ ಕೊನೆಯದಾಗಿ ಹೇಳಿದ್ದು ಇಷ್ಟೇ. ಮಾರನೆಯ ದಿನ ಅವಳು ತೀರಿಕೊಂಡಳು.

ಮಕ್ಕಳೇ, ಆ ಆನೆಗಳ ಸಂಗತಿ ಹೇಳುತ್ತೇನೆ.

ಕಾಡಿನೊಳಗೆ ಒಂದು ಕೊಳ. ಅದರ ದಡದಲ್ಲಿ ಮುಳ್ಳುಹಂದಿ, ಮೊಲ, ಹುಂಜ ಕೆಸು ಬೆಳೆದು ಬದುಕುತ್ತಿದ್ದವು. ಬೆಳೆಗೆ ಒಂದು ಬಿಳಿ ಹಿಟ್ಟು ಹಾಕುತ್ತಿದ್ದವು. ಬೆಟ್ಟದಾಚೆ ಸಮುದ್ರದ ಬಂಡೆಗಳ ಮೇಲೆ ಹಕ್ಕಿಗಳು ಹಾಕಿದ ಹಿಕ್ಕೆ ಅದು. ಕತ್ತೆಗಳು ಕಣಿವೆ ದಾಟಿ ಹೊತ್ತು ತರುತ್ತಿದ್ದವು. ಮುಂಗುಸಿ ಅಂಗಡಿಯಲ್ಲಿಟ್ಟು ಮಾರುತ್ತಿತ್ತು. ಒಂದು ಹಿಡಿ ಎರಚಿದರೆ ಸಾಕು. ಬೇರೆ ಗೊಬ್ಬರ ಮಾಡುವುದನ್ನೇ ಎಲ್ಲವೂ ಮರೆತವು.

ಒಮ್ಮೆ ಆ ಕಣಿವೆಯಲ್ಲಿ ಎರಡು ಆನೆಗಳು ಜಗಳಕ್ಕೆ ನಿಂತವು. ಯಾಕೆ ಅಂತ ಆನೆಗಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಕತ್ತೆಗಳು ನಿಂತವು. ಹಿಟ್ಟು ನಿಂತಿತು.

ಕೊಳದ ದಡದಲ್ಲಿ ಚಿಂತೆ ಆಗಬೇಕಿತ್ತು. ಖುಷಿಯಾಯಿತು! ಹಕ್ಕಿಗಳು ತರುವ ಸುದ್ದಿ ಕೇಳಲು ದಿನಾ ಹುಣಸೆ ಮರದಡಿ ಸಭೆ.

“ಒಂಟಿದಂತದವನೇ ಗೆಲ್ಲೋದು,” ಎಂದಿತು ಹುಂಜ.

“ನಿನ್ನ ತಲೆ. ಮೋಟುಬಾಲದವನು ಗುದ್ದಿದರೆ ಬೆಟ್ಟ ಅಲ್ಲಾಡುತ್ತೆ,” ಎಂದಿತು ಮೊಲ.

“ನೀನು ನೋಡಿದ್ದೀಯಾ?”

“ನೀನು ನೋಡಿದ್ದೀಯಾ?”

ಎರಡೂ ನೋಡಿರಲಿಲ್ಲ. ಆದರೂ ಒಂದರ ಜೊತೆ ಒಂದು ಮಾತು ಬಿಟ್ಟವು.

ಮುಳ್ಳುಹಂದಿಯೂ ಅಲ್ಲೇ ಕೂತಿರುತ್ತಿತ್ತು. ಬಿಲಕ್ಕೆ ಹೋದರೆ ಅವಳ ಜಾಗ ಖಾಲಿ. ಇಲ್ಲಿ ಗದ್ದಲವಾದರೂ ಇತ್ತು. ಆದರೆ ಬಿಲದಲ್ಲಿ ಎರಡು ಮರಿಗಳಿದ್ದವು. ಮಳೆಗಾಲವೆಲ್ಲ ಅವಕ್ಕೆ ಆ ಕೆಸುವಿನ ಗೆಡ್ಡೆಯೇ ಊಟ. ಮಡಿ ದಿನದಿಂದ ದಿನಕ್ಕೆ ಸೊರಗುತ್ತಿತ್ತು.

ಒಂದು ದಿನ ಮುಂಗುಸಿ ಸಾರಿತು: “ಕೊನೆಯ ಮೂಟೆಗಳು! ಬಿಸಿಲೇರಿದ ಮೇಲೆ ಬಾಗಿಲು ತೆಗೀತೀನಿ. ಸಾಲಾಗಿ ಬನ್ನಿ.”

ಆ ಕಾಡಿನಲ್ಲಿ ಒಂದು ಪದ್ಧತಿ. ಸಾಲಿನಲ್ಲಿ ಒಂದು ಕಲ್ಲಿಟ್ಟು ಹೋದರೆ ನೀವೇ ನಿಂತ ಹಾಗೆ. ಮೂರೂ ಓಡಿ ಬಂದು ಕಲ್ಲಿಟ್ಟವು. ಮುಳ್ಳುಹಂದಿಯ ಕಲ್ಲೇ ಮೊದಲು. ಇಟ್ಟು, ಮರದಡಿಗೆ ಹೋದವು. ಅಂದು ಕಣಿವೆಯಲ್ಲಿ ದೊಡ್ಡ ಕಾಳಗವಂತೆ. ಅದನ್ನು ಬಿಡಲಾದೀತೇ?

ಮುಂಗುಸಿ ಬಾಗಿಲು ತೆಗೆಯಿತು. ಮೇಲಿನ ಗುಡ್ಡದ ಕಾಡುಹಂದಿಗಳು ಬಂದು ನಿಂತಿದ್ದವು.

“ಮುಂದೆ ಸಾಲಿದೆಯಲ್ಲ?” ಎಂದಿತು ಒಂದು ಹಂದಿ.

“ಕೇಳೋಣ,” ಎಂದು ಮುಂಗುಸಿ ಕಲ್ಲಿನ ಕಡೆ ಬಗ್ಗಿತು. “ಸ್ವಾಮಿ, ಮೂಟೆ ಬೇಕೇ?”

ಕಲ್ಲು ಸುಮ್ಮನಿತ್ತು.

“ಬೇಡವಂತೆ. ಎತ್ಕೊಳ್ಳಿ.”

ಮಧ್ಯಾಹ್ನ ಮೂರೂ ಬಂದಾಗ ಅಂಗಡಿ ಗುಡಿಸಿಟ್ಟಿತ್ತು.

“ನನ್ನ ಕಲ್ಲು ಮೊದಲಿತ್ತು!” ಮುಳ್ಳುಹಂದಿಯ ಮುಳ್ಳೆಲ್ಲ ನಿಮಿರಿದವು.

“ಇತ್ತು. ಬಹಳ ಮರ್ಯಾದಸ್ಥ ಕಲ್ಲು. ಎದುರು ಮಾತೇ ಆಡಲಿಲ್ಲ,” ಎಂದಿತು ಮುಂಗುಸಿ. “ಹಿಟ್ಟಿಲ್ಲ. ಈ ಸೀಸೆ ಇದೆ. ಬೆಳೆಗೆ ಬಲ ಕೊಡೋ ನೀರು.”

“ಕೊಳದ ನೀರಿನ ಹಾಗೆ ಕಾಣುತ್ತೆ.”

“ಕೊಳದ್ದೇ. ಸೀಸೆ ನನ್ನದು.”

ಅಷ್ಟರಲ್ಲಿ ಕಣಿವೆಯಿಂದ ಒಂದು ಗೊರವಂಕ ಹಾರಿ ಬಂತು.

“ಯಾರು ಗೆದ್ದರು?” ಹುಂಜ, ಮೊಲ ಒಟ್ಟಿಗೇ ಕೇಳಿದವು.

“ರಾಜಿಯಾದರು. ಒಟ್ಟಿಗೆ ಬಿದಿರು ತಿಂತಿದ್ದಾರೆ. ಅವರು ತುಳಿದ ದಾರಿ ಮಾತ್ರ ಕುಸಿದಿದೆ. ಮಳೆಗಾಲ ಮುಗಿಯೋವರೆಗೂ ಕತ್ತೆ ಬರಲ್ಲ.”

“ನಮ್ಮನ್ನೇನಾದರೂ ಕೇಳಿದರಾ?” ಎಂದಿತು ಹುಂಜ. “ನಾನು ಅಷ್ಟು ಕೂಗಿದ್ದೆ.”

“ಇಲ್ಲೊಂದು ಕೊಳ ಇದೆ ಅಂತಲೇ ಅವರಿಗೆ ಗೊತ್ತಿಲ್ಲಪ್ಪ.”

ಮುಳ್ಳುಹಂದಿ ಬಿಲಕ್ಕೆ ಬಂತು.

“ಅಪ್ಪಾ, ಯಾವ ಆನೆ ಗೆದ್ದಿತು?” ಎಂದಿತು ಕಿರಿಯ ಮರಿ. ಹಿರಿಯದು ಖಾಲಿ ಬುಟ್ಟಿ ಮೂಸುತ್ತಿತ್ತು. ಅದಕ್ಕೆ ಹಸಿವಾಗಿತ್ತು.

ಮಾರನೆಯ ಬೆಳಿಗ್ಗೆ ಮುಳ್ಳುಹಂದಿ ಬುಟ್ಟಿ ಹಿಡಿದು ಕೊಳದ ಆಚೆ ದಡಕ್ಕೆ ಹೋಯಿತು. ಕಾಡೆಮ್ಮೆಗಳು ಮಲಗುವ ಜಾಗ ಅದು. ಹಳೆಯ, ಪುಡಿಯಾದ ಸಗಣಿಯನ್ನೇ ಆರಿಸಿ ತುಂಬಿತು. ಬೆನ್ನ ಮೇಲಿಟ್ಟುಕೊಂಡು ಹೊರಟಿತು.

“ಅಯ್ಯೋ, ಬಿಳಿ ಹಿಟ್ಟಿನ ಯಜಮಾನರು ಸಗಣಿ ಹೊರ್ತಿದ್ದಾರೆ!” ಮರದಡಿಯಿಂದ ಹುಂಜ ಕೂಗಿತು. “ಬಾರೋ, ಹೊಸ ಸುದ್ದಿ ಇದೆ. ಈ ಸಲ ಎರಡು ಹುಲಿ!”

ಮುಳ್ಳುಹಂದಿ ನಿಲ್ಲಲಿಲ್ಲ. ಅರ್ಧ ಮಡಿ ಆಗಲೇ ಒಣಗಿತ್ತು. ಉಳಿದರ್ಧದ ಬುಡಕ್ಕೆ ಸಗಣಿ ಹಾಕಿ ಮಣ್ಣು ಮುಚ್ಚಿತು. ಇನ್ನೊಂದು ಬುಟ್ಟಿ ತರಲು ಹೋಯಿತು.

ನೀತಿ: ದೂರದ ದೊಡ್ಡವರ ಜಗಳಕ್ಕೆ ಚಪ್ಪಾಳೆ ತಟ್ಟುವವನ ಮಡಿಯೇ ಮೊದಲು ಒಣಗುತ್ತದೆ; ಬೆಳೆಗೆ ಬೇಕಾದ ಗೊಬ್ಬರ ನಾವೇ ನಡೆದು ಹೋಗಿ ತರುವಷ್ಟು ಹತ್ತಿರ ಇರಲಿ.