ಗೆಳತಿಯ ಶೂ

ಕೃಷ್ಣಾ ನದಿಯ ದಂಡೆಯ ಮೇಲೆ ಒಂದು ತಗಡಿನ ಶೆಡ್ಡು. ಅದರೊಳಗೆ ನಾಲ್ಕು ಹುಡುಗಿಯರು, ನಾಲ್ಕು ರೇಸ್ ಸೈಕಲ್ಲು, ಒಬ್ಬ ಮುದುಕ. ಊರವರು ಅದನ್ನು ಸೈಕಲ್ ಮಠ ಅನ್ನುತ್ತಾರೆ. ತಮಾಷೆಗೆ ಇಟ್ಟ ಹೆಸರು. ಈಗ ಬಸ್ಸಿನ ಕಂಡಕ್ಟರೂ ಹಾಗೆಯೇ ಕೂಗಿ ಇಳಿಸುತ್ತಾನೆ.

ಮುದುಕರ ಹೆಸರು ಮುರಿಗೆಪ್ಪ. ಒಂದು ಕಾಲಕ್ಕೆ ರಸ್ತೆ ರೇಸಿನಲ್ಲಿ ಗಾಳಿ ಸೀಳಿದವರು, ಈಗ ಈ ಹುಡುಗಿಯರ ಗುರುಗಳು. ನೆಟ್ಟಗೆ ಉತ್ತರ ಕೊಡುವ ಅಭ್ಯಾಸ ಅವರಿಗಿಲ್ಲ. ಟೈಮೆಷ್ಟು ಅಂತ ಕೇಳಿದರೆ, "ಯಾಕ, ಹಸಿವಾಗೈತೇನು?" ಅಂತ ತಿರುಗಿ ಕೇಳುವ ಆಸಾಮಿ.

ಮಠದಲ್ಲಿ ಹೆಚ್ಚು ನಿಯಮಗಳಿಲ್ಲ. ಒಂದನ್ನು ಮಾತ್ರ ತಪ್ಪಿಸುವಂತಿಲ್ಲ. ಸೈಕಲ್ ಹೊಡೆದು ಬಂದವಳು ಶೂ ಬಿಚ್ಚಬೇಕು, ಒರೆಸಬೇಕು, ಗುರುಗಳ ಕೈಗೆ ಕೊಡಬೇಕು. ನೀರು ಕುಡಿಯುವುದು ಆಮೇಲೆ. ಗುರುಗಳು ಶೂ ತಿರುಗಿಸಿ ಅಡಿ ನೋಡುತ್ತಾರೆ, ಹ್ಞೂಂ ಅನ್ನುತ್ತಾರೆ, ಹಲಗೆಯ ಮೇಲೆ ಇಡುತ್ತಾರೆ. ಅಷ್ಟು ಆಗುವತನಕ ಬಾಯಿ ಒಣಗಿ ಕಟ್ಟಿಗೆಯಾದರೂ ಗಡಿಗೆ ಮುಟ್ಟುವ ಹಾಗಿಲ್ಲ.

ಇತ್ತೀಚೆಗೆ ಗುರುಗಳಿಗೆ ಎರಡು ಹೊಸ ಚಾಳಿ ಹತ್ತಿದ್ದವು. ಸಂಜೆಯಾದರೆ ಟ್ರ್ಯಾಕ್ಟರಿನ ಟ್ಯೂಬಿಗೆ ಗಾಳಿ ತುಂಬಿ, ಅದನ್ನು ಉರುಳಿಸಿಕೊಂಡು ಹೊಳೆಯ ಕಡೆಗೆ ಹೋಗುವುದು. ಕೇಳಿದರೆ, "ಕುಂದ್ರಾಕ ಮೆತ್ತಗಿರತೈತಿ" ಅನ್ನುವರು. ಎರಡನೆಯದು, ಬಂದ ಪೇಪರೆಲ್ಲ ಮಾಯ. ಆಟದ ಪುಟ ಓದುವ ಮೊದಲೇ ಮಾಯ.

ವಯಸ್ಸಾಯಿತು ಅಂತ ನೋಡಿದವರು ಸುಮ್ಮನಿದ್ದರು.

ಒಂದು ಮುಂಜಾನೆ ಅವರಲ್ಲಿ ಒಬ್ಬಳು, ದಾನೇಶ್ವರಿ, ಕೈಯಲ್ಲಿ ಚೀಲ ಹಿಡಿದು ಗುರುಗಳ ಮುಂದೆ ನಿಂತಳು. ಗುರುಗಳು ಬೇವಿನ ಮರದ ಕೆಳಗೆ ಶೇಂಗಾ ಸುಲಿಯುತ್ತ ಕೂತಿದ್ದರು.

"ಗುರುಗಳ, ಒಂದ ಮಾತ ಕೇಳೂದಿತ್ತರಿ."

"ಕೇಳವಾ."

"ನನಗಲ್ರಿ. ನನ್ನ ಗೆಳತಿ ಒಬ್ಬಾಕಿ ಅದಾಳ. ಆಕಿಗೆ."

ನಾನಾಗಿದ್ದರೆ ಅಲ್ಲೇ ನಕ್ಕುಬಿಡುತ್ತಿದ್ದೆ. ಗುರುಗಳು ನಗಲಿಲ್ಲ.

ದಾನೇಶ್ವರಿ ಚೀಲದಿಂದ ಎರಡು ಜೊತೆ ಶೂ ತೆಗೆದು ನೆಲದ ಮೇಲಿಟ್ಟಳು. ಒಂದು ಅವಳದೇ ಹಳೆಯದು, ರೋಡ್ ರೇಸಿನದು. ಪಾದವನ್ನು ನಾಲ್ಕೂ ಕಡೆಯಿಂದ ಬಿಗಿಯುವ ತಂತಿ, ತಂತಿ ಬಿಗಿಯಲು ತಿರುಗಿಸುವ ಗುಂಡಿ. ಇನ್ನೊಂದು ಹೊಚ್ಚ ಹೊಸದು. ಅದಕ್ಕೆ ಒಂದೇ ಅಗಲವಾದ ಪಟ್ಟಿ, ಹಿಮ್ಮಡಿಯ ಹತ್ತಿರ ಎಳೆಯಲು ಒಂದು ಕುಣಿಕೆ, ಅಡಿಯಲ್ಲಿ ನೀರು ಸೋರಿಹೋಗಲು ತೂತು.

"ಇದು ಟ್ರಯಾಥ್ಲಾನ್ ಶೂರಿ. ಮೊದಲ ಈಸೂದು, ಆಮ್ಯಾಲ ಸೈಕಲ್ಲು, ಆಮ್ಯಾಲ ಓಡೂದು. ನಡುವ ನಿಂದ್ರಂಗಿಲ್ಲ. ಬರೂ ರವಿವಾರ ಕೆರಿ ಹತ್ರ ಐತ್ರಿ ಆಟ. ಎರಡರಾಗ ಯಾವುದ ಹಾಕ್ಕೋಬೇಕಂತ ಕೇಳಾಕತ್ತಾಳ್ರಿ ಆಕಿ."

"ಆಕಿ ಕಾಲು ಎಷ್ಟುದ್ದ ಅದಾವ?"

"ನನ್ನಷ್ಟರಿ."

"ಎತ್ತರ?"

"ಅದೂ ನನ್ನಷ್ಟರಿ."

"ಪಾಪ, ಚಲೋ ಹುಡುಗಿ ಇರಬೇಕು" ಅಂದರು ಗುರುಗಳು. "ಆಕಿ ಇಲ್ಲಿಲ್ಲಲ್ಲ, ಆಕಿ ಬದಲಿ ನೀನ ನೀರಿಗೆ ಇಳಿ."

ದಾನೇಶ್ವರಿ ಹೊಳೆಗೆ ಇಳಿದು ನಡುವಿನ ಬಂಡೆಯತನಕ ಈಜಿ ಬಂದಳು. ದಂಡೆಗೆ ಬಂದವಳೇ ರೋಡ್ ಶೂ ಎಳೆದುಕೊಂಡಳು. ಒದ್ದೆ ಕಾಲಿಗೆ ಸಾಕ್ಸು ಏರಲಿಲ್ಲ. ಕೂತಳು. ಒಂದು ಕಾಲು ಏರಿಸುವಷ್ಟರಲ್ಲಿ ಇನ್ನೊಂದಕ್ಕೆ ಮಣ್ಣು ಮೆತ್ತಿತು. ಒರೆಸಿದಳು. ಗುಂಡಿ ತಿರುಗಿಸಿದಳು, ಬೆರಳು ಜಾರಿತು, ಮತ್ತೆ ತಿರುಗಿಸಿದಳು.

ಗುರುಗಳ ಪಕ್ಕದಲ್ಲಿ ಶೇಂಗಾ ಸಿಪ್ಪೆಯ ಗುಡ್ಡೆ ಬೆಳೆಯಿತು.

"ಈಗ ಇನ್ನೊಂದು" ಅಂದರು.

ಮತ್ತೆ ಹೊಳೆ, ಮತ್ತೆ ಬಂಡೆ, ಮತ್ತೆ ದಂಡೆ. ಈ ಸಲ ಕುಣಿಕೆ ಹಿಡಿದು ಎಳೆದಳು, ಪಟ್ಟಿ ಒತ್ತಿದಳು, ಹೊರಟೇಬಿಟ್ಟಳು. ಗುರುಗಳ ಕೈಯಲ್ಲಿದ್ದ ಶೇಂಗಾ ಇನ್ನೂ ಒಡೆದಿರಲಿಲ್ಲ.

"ನೋಡಿದ್ರೇನ್ರಿ!" ಅಂತ ಸೈಕಲ್ಲಿನ ಮೇಲಿಂದಲೇ ಕೂಗಿದಳು.

"ನೋಡಿದೆ. ಹಂಗ ಹೋಗಿ ಗುಡ್ಡ ಹತ್ತಿ ಬಾ."

ಗುಡ್ಡ ಹತ್ತಿ ಬಂದವಳ ಮುಖದಲ್ಲಿ ಆ ಖುಷಿ ಇರಲಿಲ್ಲ. ಕುಂಟುತ್ತಿದ್ದಳು. ಅಷ್ಟಾದರೂ ಶೂ ಬಿಚ್ಚಿ, ಒರೆಸಿ, ಗುರುಗಳ ಕೈಗೆ ಕೊಟ್ಟಳು. ಗುರುಗಳು ಅಡಿ ನೋಡಿ ಹ್ಞೂಂ ಅಂದರು.

"ಏರಿನ್ಯಾಗ ಕಾಲು ಒಳಗ ಅಡ್ಡಾಡತೈತ್ರಿ ಗುರುಗಳ. ಹಿಮ್ಮಡಕ್ಕ ಗುಳ್ಳಿ ಎದ್ದೈತಿ. ಇದು ಲಗೂನ ಹಾಕ್ಕೋಬಹುದು, ಆದ್ರ ಬಿಗಿ ಇಲ್ಲ. ಅದು ಬಿಗಿ ಐತಿ, ಹಾಕ್ಕೊಳ್ಳೂದ್ರಾಗ ಮಂದಿ ಊರ ದಾಟಿರತಾರ. ಗೆಳತಿಗೆ ಏನಂತ ಹೇಳ್ಲಿ?"

"ರವಿವಾರ ಆದ ಮ್ಯಾಲ ನಿನ್ನ ಗೆಳತಿ ಯಾವ ಕಡೆ ಹೋಗಾಕಿ?"

ದಾನೇಶ್ವರಿ ನೆಲ ನೋಡಿದಳು.

"ತಿರುಗಿ ರಸ್ತೆ ರೇಸಿಗೆ ಬರಾಕಿನೋ? ಈ ನೀರಿನ ಆಟದಾಗ ಉಳಿಯಾಕಿನೋ?"

"ಅದನ್ನ... ಆಕಿ ಇನ್ನೂ ಹೇಳಿಲ್ರಿ."

"ಯಾವ ಊರಿಗೆ ಅಂತ ಹೇಳಲಾರದ ಯಾವ ಬಸ್ಸು ಅಂತ ಕೇಳಿದ್ರ ನಾ ಏನ ಹೇಳ್ಲಿ? ಒಂದಿನದ ಆಟಕ್ಕಾದ್ರ ಹಳೇವು ನಡೀತಾವು. ಅಲ್ಲೇ ಇರಾಕಿ ಆದ್ರ ಹೊಸಾವು ಬೇಕು, ಕಾಲೂ ರೂಢಿ ಆಗಬೇಕು. ಹೋಗಿ ಕೇಳಿಕೊಂಡ ಬಾ."

ದಾನೇಶ್ವರಿ ಹೋಗಲಿಲ್ಲ. ಎಲ್ಲಿಗೆ ಹೋಗುತ್ತಾಳೆ ಪಾಪ! ಅಲ್ಲೇ ನಿಂತು ಒದ್ದೆ ಜಡೆಯನ್ನು ಹಿಂಡಿದಳು, ಬಿಟ್ಟಳು, ಮತ್ತೆ ಹಿಂಡಿದಳು.

"ಗೆಳತಿ ಇಲ್ರಿ ಗುರುಗಳ. ನಾನ. ಎಲ್ಲಾ ನಾನ."

"ಎಲಾ!" ಅಂದರು ಗುರುಗಳು. "ನನಗ ಗೊತ್ತ ಆಗಲಿಲ್ಲ ನೋಡು."

ಅವರು ಎದ್ದು ಶೆಡ್ಡಿನೊಳಗೆ ಹೋದರು. ಬರುವಾಗ ಎರಡೂ ಕೈಯಲ್ಲಿ ಮುದ್ದೆ ಮಾಡಿದ ಪೇಪರು ಇತ್ತು. ಅವಳ ಮುಂದೆ ಸುರಿದರು. ಒಂದೊಂದು ಮುದ್ದೆಯೂ ನೀರು ಹೀರಿ ಒಣಗಿ, ಶೂವಿನ ಮೂತಿಯ ಆಕಾರದಲ್ಲೇ ಗಟ್ಟಿಯಾಗಿತ್ತು.

"ಮಂದಿ ರೊಟ್ಟಿ ಬಡಿಯೂ ಹೊತ್ತಿನ್ಯಾಗ ನೀ ಸೈಕಲ್ ತಗೊಂಡ ಹೊಳಿಗೆ ಹೋಗತಿ. ಈಸತಿ. ಹಸಿ ಕಾಲಿಲೆ ಶೂ ಹಾಕ್ಕೊಂಡ ಬರತಿ. ತೊಯ್ದ ಶೂ ಹಂಗ ಶೆಡ್ಡಿನ ಬಾಗಲಾಗ ಬಿಟ್ಟ ಮಲಗತಿ. ಮುಂಜಾನಿ ಅವು ಒಣಗಿರತಾವು. ಹೆಂಗ ಒಣಗತಾವು ಅಂತ ಒಂದಿನಾರ ವಿಚಾರ ಮಾಡಿದೇನು?"

"ಗಾಳಿಗೆ ಅಂತ ತಿಳಿದಿದ್ದೆರಿ."

"ಗಾಳಿಗೆ ಅಂತ! ಗಾಳಿಗೆ ಬ್ಯಾರೆ ಕೆಲಸ ಇಲ್ಲೇನು?"

ದಾನೇಶ್ವರಿಯ ಕಣ್ಣು ಮರಕ್ಕೆ ಒರಗಿಸಿಟ್ಟ ಟ್ರ್ಯಾಕ್ಟರ್ ಟ್ಯೂಬಿನ ಕಡೆಗೆ ಹೋಯಿತು.

"ಹ್ಞಾ, ಅದೂ ಹೌದು" ಅಂದರು ಗುರುಗಳು. "ನನಗ ಈಸಾಕ ಬರಂಗಿಲ್ಲ. ನೀ ಮುಳುಗಿದ್ರ ಅದನ್ನರ ಒಗಿಬೇಕಲ್ಲ." ಈಗ ಅವರಿಗೆ ನಿಜವಾಗಿ ಸಿಟ್ಟು ಬಂತು. "ಶೂ ಕೇಳಾಕ ಅಂಜತಿ. ಒಬ್ಬಾಕೀನ ಹೊಳಿಗೆ ಇಳಿಯಾಕ ಅಂಜಂಗಿಲ್ಲ! ಏನ ಹುಡುಗಿ ಅದೀಯವಾ ನೀ? ನಿನ್ನ ತಲಿ ನೀರಿನ ಮ್ಯಾಲ ಕಾಣೂತನಕ ನನ್ನ ಜೀವ ಎಲ್ಲಿ ಇರತಿತ್ತು ಗೊತ್ತೈತೇನು?"

ದಾನೇಶ್ವರಿ ಅಳತೊಡಗಿದಳು.

"ಬೈರಿ ಗುರುಗಳ. ಇನ್ನೂ ಬೈರಿ."

"ಬೈದದ್ದ ಆತಲ್ಲ. ಎಷ್ಟಂತ ಬೈಲಿ."

"ಸಣ್ಣಾಕಿ ಇದ್ದಾಗಿಂದ ನೀವು ರಸ್ತೆ ಕಲಿಸಿದ್ರಿ. ನಾಲ್ಕೂ ಮಂದಿ ಸಾಲಿನ್ಯಾಗ ಹೋಗೂ ರೇಸಿಗೆ ಮುಂದ ಇದ್ದ ಉಳದವರಿಗೆ ಗಾಳಿ ತಡಿಯಾಕಿ ನಾನ. ನಾ ಹೋದ್ರ ಆ ಸಾಲ ಮುರೀತೈತಿ. ಅದಕ್ಕ ಹೇಳಾಕ ಬಾಯಿ ಬರಲಿಲ್ರಿ. ನಿಮಗ ಕೆಟ್ಟ ಅನಸಂಗಿಲ್ಲೇನ್ರಿ?"

"ಅನಸತೈತಿ" ಅಂದರು ಗುರುಗಳು. "ಭಾಳ ಅನಸತೈತಿ. ಸುಳ್ಳ ಯಾಕ ಹೇಳ್ಲಿ?"

"ಹಂಗಾರ ನಾ ಹೆಂಗ ಬಿಟ್ಟ ಹೋಗ್ಲಿ ನಿಮ್ಮನ್ನ?"

ಗುರುಗಳು ಸುಲಿದಿಟ್ಟ ಶೇಂಗಾವನ್ನೆಲ್ಲ ಬಾಚಿ ಅವಳ ಬೊಗಸೆಗೆ ಹಾಕಿದರು. ಅಷ್ಟು ಹೊತ್ತಿನಿಂದ ತಾವು ಒಂದೂ ತಿಂದಿರಲಿಲ್ಲ.

"ತಿನ್ನು. ತಿಂದ ಆ ಹೊಸಾವ ತಗೊಂಡ ಬಾ. ಶೆಡ್ಡಿನ್ಯಾಗ ರಬ್ಬರ್ ಬ್ಯಾಂಡ್ ಅದಾವೇನು ನೋಡು."

ಅವತ್ತು ಗುರುಗಳು ಒಂದು ಹೊಸ ವಿದ್ಯೆ ಕಲಿಸಿದರು. ಹೊಸ ಶೂಗಳನ್ನು ಅಡಿಯಲ್ಲಿರುವ ಕೊಕ್ಕೆಯಿಂದ ಮೊದಲೇ ಪೆಡಲ್ಲಿಗೆ ಕಚ್ಚಿಸಿಡಬೇಕು. ಅವು ಕೆಳಗೆ ಜೋತುಬೀಳದ ಹಾಗೆ ಕುಣಿಕೆಗೆ ರಬ್ಬರ್ ಬ್ಯಾಂಡ್ ಹಾಕಿ ಸೈಕಲ್ಲಿನ ಮೈಗೆ ಸಿಕ್ಕಿಸಬೇಕು. ನೀರಿನಿಂದ ಬರಿಗಾಲಲ್ಲಿ ಓಡಿಬಂದು, ಹಾರಿ ಕೂತು, ತುಳಿಯುತ್ತಲೇ ಕಾಲು ಒಳಗೆ ಹಾಕಬೇಕು. ಬ್ಯಾಂಡು ತಾನಾಗಿ ಹರಿಯುತ್ತದೆ. ಇಳಿಯುವಾಗಲೂ ಹಾಗೆಯೇ. ಸೈಕಲ್ ಇಳಿಯುವ ಗೆರೆ ಬರುವ ಮೊದಲೇ ಕಾಲು ಹೊರಗೆ, ಶೂ ಪೆಡಲ್ಲಿನಲ್ಲೇ, ಬರಿಗಾಲಲ್ಲಿ ಓಟ.

"ಇದನ್ನ ನೀವು ಎಲ್ಲಿ ಕಲತ್ರಿ?" ಅಂದಳು ದಾನೇಶ್ವರಿ.

"ಫೋನಿನ್ಯಾಗ ನೋಡೇನಿ."

"ನಿಮಗ ಫೋನ್ ಹಿಡಿಯಾಕ ಬರಂಗಿಲ್ಲಲ್ರಿ!"

"ಉಳದ ಮೂರೂ ಮಂದಿ ಹಿಡಕೊಂಡ ತೋರಿಸಿದ್ರು."

ದಾನೇಶ್ವರಿ ತಿರುಗಿ ನೋಡಿದಳು. ಶೆಡ್ಡಿನ ಬಾಗಿಲಲ್ಲಿ ಮೂವರೂ ನಿಂತು ಬಾಯಿಗೆ ದುಪಟ್ಟಾ, ಟವೆಲ್ಲು, ಕೈ ಏನು ಸಿಕ್ಕಿತೋ ಅದನ್ನು ಒತ್ತಿಕೊಂಡು ನಗುತ್ತಿದ್ದರು. ಇಡೀ ಮಠಕ್ಕೇ ಗೊತ್ತಿದ್ದ ಗುಟ್ಟನ್ನು ಇವಳೊಬ್ಬಳು ಕಾಯುತ್ತಿದ್ದಳು.

ವಾರವೆಲ್ಲ ಅದೇ ಕೆಲಸ. ಬಿದ್ದಳು, ಎದ್ದಳು, ಮೊಣಕಾಲು ತರಚಿಕೊಂಡಳು. ಹೊಳೆಗೆ ಇಳಿಯುವಾಗ ಆ ಮೂವರಲ್ಲಿ ಒಬ್ಬಳಾದರೂ ಜೊತೆಗೆ ಇಳಿಯುತ್ತಿದ್ದಳು. ಗುರುಗಳು ಟ್ಯೂಬಿನ ಮೇಲೆ ಕೂತು ಬೈಯುತ್ತಿದ್ದರು.

ಭಾನುವಾರ ಬಂತು. ಕೆರೆಯ ದಂಡೆಯ ತುಂಬ ಜನ. ಸೈಕಲ್ ನಿಲ್ಲಿಸುವ ಜಾಗಕ್ಕೆ ಸುತ್ತಲೂ ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಮೂವರು ಹುಡುಗಿಯರು, ಅವರ ನಡುವೆ ಟ್ಯೂಬು ಹೆಗಲಿಗೇರಿಸಿದ ಗುರುಗಳು.

"ಅದನ್ನ ಯಾಕ ತಂದ್ರಿ? ಇಲ್ಲಿ ದೋಣಿ ಅದಾವ್ರಿ" ಅಂದಳು ಒಬ್ಬಳು.

"ದೋಣಿ ಅವರವು. ಹುಡುಗಿ ನನ್ನಾಕಿ" ಅಂದರು ಗುರುಗಳು.

ದಾನೇಶ್ವರಿ ನೀರಿನಿಂದ ಎದ್ದವಳೇ ಓಡಿಬಂದು ಹಾರಿ ಕೂತಳು. ಬ್ಯಾಂಡು ಪಟ್ಟನೆ ಹರಿದವು. ರಸ್ತೆಯ ಮೇಲೆ ಅವಳನ್ನು ಹಿಡಿಯುವವರು ಯಾರು? ಈಜಿನಲ್ಲಿ ಮುಂದಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಹಿಂದೆ ಹಾಕಿದಳು. ಸೈಕಲ್ ಮುಗಿಸಿ ಬರುವಾಗ ಅವಳ ಮುಂದೆ ಯಾರೂ ಇರಲಿಲ್ಲ.

ಗೆರೆಗೆ ಮುಂಚೆ ಕಾಲು ಹೊರಗೆ ತೆಗೆದಳು, ಇಳಿದಳು, ಬರಿಗಾಲಲ್ಲಿ ಸೈಕಲ್ ನೂಕುತ್ತ ಓಡಿ ಬಂದು ಅದನ್ನು ಕಂಬಿಗೆ ತೂಗುಹಾಕಿದಳು. ಓಟದ ಶೂ ಹಾಕಿಕೊಂಡಳು. ಎಲ್ಲ ಕಲಿಸಿದ ಹಾಗೆಯೇ ಮಾಡಿದಳು.

ಆಮೇಲೆ ಬಗ್ಗಿದಳು.

ಪೆಡಲ್ಲಿನಲ್ಲಿ ಕಚ್ಚಿಕೊಂಡಿದ್ದ ಶೂಗಳಿಗೆ ಕೆಸರು ಹತ್ತಿತ್ತು. ಅವಳ ಕೈ ತಾನಾಗಿ ಒಂದನ್ನು ಕಿತ್ತಿತು. ಟವೆಲ್ ತಗೊಂಡು ಒರೆಸಿತು. ಇನ್ನೊಂದನ್ನೂ ಕಿತ್ತಿತು. ಹಿಂದಿನವರಿಬ್ಬರು ಬಂದರು, ಸೈಕಲ್ ತೂಗುಹಾಕಿದರು, ಓಡಿಹೋದರು. ಹಗ್ಗದ ಆಚೆ ಮೂವರೂ ಗಂಟಲು ಹರಿದು ಕಿರುಚುತ್ತಿದ್ದರು. ದಾನೇಶ್ವರಿಗೆ ಏನೂ ಕೇಳಿಸಲಿಲ್ಲ. ಒರೆಸಿದ ಶೂ ಹಿಡಿದು, ತಲೆ ಎತ್ತಿ, ಗುರುಗಳು ಎಲ್ಲಿ ಅಂತ ಹುಡುಕಿದಳು.

ಗುರುಗಳು ಎದುರಿಗೇ ಇದ್ದರು. ಟ್ಯೂಬು ಹೆಗಲಿನಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಅವರ ಎರಡೂ ಕೈ ಶೂ ತೆಗೆದುಕೊಳ್ಳಲು ಆಗಲೇ ಹಗ್ಗದ ಮೇಲೆ ಚಾಚಿದ್ದವು.

ಗುರುಗಳು ತಮ್ಮ ಕೈ ನೋಡಿಕೊಂಡರು. ಹಿಂದಕ್ಕೆ ಎಳೆದು ಬೆನ್ನ ಹಿಂದೆ ಕಟ್ಟಿಕೊಂಡರು.

"ದಾನವ್ವಾ, ಶೂ ಸೈಕಲ್ ಹತ್ರ ಇರಲಿ. ನೀ ಓಡು."