ಅಕ್ಕನ ಪಾಲಿನ ತಂಪು

ನಗುವವರು ಆಮೇಲೆ ನಗಿ, ಮೊದಲು ಕಿವಿ ಇತ್ತ ಕೊಡಿ. ಬಯಲುಸೀಮೆಯ ಒಂದೂರಲ್ಲಿ ಹಾಲವ್ವ ಅಂತ ಒಬ್ಬಳಿದ್ದಳು. ಅವಳ ಮಗ ಕೊಟ್ರ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಮಗ ಮಾತು ಕೇಳುವುದಿಲ್ಲ ಅಂತ ಊರಿನ ತಾಯಂದಿರೆಲ್ಲ ಅಳುತ್ತಿದ್ದರೆ, ನನ್ನ ಮಗ ಕೇಳುತ್ತಾನಲ್ಲಪ್ಪಾ ಅಂತ ಹಾಲವ್ವ ಅಳುತ್ತಿದ್ದಳು.

ಅವಳ ಮಗಳು ನೀಲಾಳನ್ನು ಕಂಪ್ಲಿಗೆ ಕೊಟ್ಟಿತ್ತು. ಚೊಚ್ಚಲ ಬಸುರಿ, ಏಳು ತಿಂಗಳು. ತವರಿಗೆ ಕರೆತರಬೇಕು. ಭಾನುವಾರ ದಾಟಿದರೆ ಎಂಟಕ್ಕೆ ಬೀಳುತ್ತದೆ. ಎಂಟರಲ್ಲಿ ಬಸುರಿ ಹೊಸ್ತಿಲು ದಾಟಿ ಪ್ರಯಾಣ ಹೊರಡುವ ಪದ್ಧತಿ ಅವರಲ್ಲಿಲ್ಲ. ಮೇಲಾಗಿ ಮೇ ತಿಂಗಳ ಬಿಸಿಲು. ಬೀಗಿತಿ ಗುರುಸಿದ್ದಮ್ಮ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು:

"ತಂಪಾಗಿರೋ ಏಸಿ ಕಾರು ತಂದ್ರೆ ಸೊಸೇನ ಕಳಿಸ್ತೀನಿ. ಕುದಿಯೋ ಕಾರು ತಂದ್ರೆ ಹೆರಿಗೆ, ಬಾಣಂತನ ಎಲ್ಲಾ ಇಲ್ಲೇ!"

ಹಾಲವ್ವನ ಮನೆಯಲ್ಲಿ ಕಾರಿತ್ತು. ತೀರಿಕೊಂಡ ಗಂಡ ಓಡಿಸುತ್ತಿದ್ದ ಹಳೇ ನೀಲಿ ಕಾರು. ಕೊಟ್ರನಿಗೆ ಓಡಿಸಲು ಬರುತ್ತಿತ್ತು, ಅದೊಂದೇ ಬರುತ್ತಿತ್ತು. ಏಸಿಯೂ ಇತ್ತು. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿತ್ತು. ತಂಪು ಮಾತ್ರ ಬರುತ್ತಿರಲಿಲ್ಲ.

ಊರಿನ ಒಬ್ಬನೇ ಮೆಕ್ಯಾನಿಕ್ ಮಸ್ತಾನ್ ಸಾಬ್ ಕಾಲು ಮುರಿದುಕೊಂಡು ಮಂಚ ಹಿಡಿದಿದ್ದ. ಬಾಯಲ್ಲೇ ರಿಪೇರಿ ಮಾಡುತ್ತಿದ್ದ.

"ಮೊದಲು ಫ್ಯೂಸ್ ನೋಡೋ ಕೊಟ್ರಾ," ಅಂದ.

ಕೊಟ್ರ ಬಂದ, ಫ್ಯೂಸ್ ಕಿತ್ತ, ಅಂಗೈಲಿ ಇಟ್ಟುಕೊಂಡ, ನೋಡಿದ. ಬೆಳಗ್ಗೆ ನೋಡಿದ, ಮಧ್ಯಾಹ್ನ ನೋಡಿದ, ಉಣ್ಣುವಾಗ ತಟ್ಟೆಯ ಪಕ್ಕ ಇಟ್ಟುಕೊಂಡು ನೋಡಿದ.

"ಏನೋ ಅದು?"

"ಫ್ಯೂಸ್ ಅವ್ವಾ. ನೋಡ್ತಾ ಇದೀನಿ."

"ನೋಡಿದ್ದಕ್ಕೇ ತಂಪು ಬರುತ್ತೇನೋ ಮಂಕೇ! ಕಾರಿನ ಸಾಮಾನು ಸುಟ್ಟಿದ್ರೆ ಸುಮ್ನೆ ನೋಡ್ತಾ ಕೂರ್ತಾರಾ? ಕಿತ್ತು ದೂರ ಬಿಸಾಕಿ ಹೊಸದು ಹಾಕ್ಬೇಕು!"

"ಹೂಂ ಅವ್ವಾ. ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಫ್ಯೂಸ್ ಬದಲಾಯಿತು, ತಂಪು ಬರಲಿಲ್ಲ. ಮಸ್ತಾನ್ ಸಾಬ್ ಮಂಚದಿಂದಲೇ ಹೇಳಿದ: "ಒಳಗೆ ಒಂದು ಕರಿ ಡಬ್ಬಿ ಇದೆ, ರಿಲೇ ಅಂತಾರೆ. ಏಸಿ ಗುಂಡಿ ಒತ್ತಿ, ಅದಕ್ಕೆ ಕಿವಿ ಕೊಡು."

ಕೊಟ್ರ ಬಾನೆಟ್ ಎತ್ತಿದ. ಕಾರು ಮಧ್ಯಾಹ್ನವಿಡೀ ಬಿಸಿಲಲ್ಲಿ ನಿಂತಿತ್ತು. ಕರಿ ಡಬ್ಬಿ ಮುಟ್ಟಿದ. ಚುರ್ ಅಂತು!

"ಸುಟ್ಟಿದೆ!" ಅಂದವನೇ ಕಿತ್ತ, ಮನೆ ಹಿಂದಿನ ಕೆರೆಗೆ ಎಸೆದ. ಪಕ್ಕದ್ದು ಮುಟ್ಟಿದ, ಅದೂ ಚುರ್! ಅದನ್ನೂ ಎಸೆದ. ಎಂಜಿನ್ನನ್ನೂ ಮುಟ್ಟಿ ನೋಡಿದ. ಅದು ಕೀಳಲು ಬರಲಿಲ್ಲ, ಉಳಿಯಿತು.

ಹಾಲವ್ವ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ, ಬಿಸಿಲಿಗೆ ನಿಂತಿದ್ದೆಲ್ಲಾ ಸುಟ್ಟಂಗೇನೋ? ಸಾಬಣ್ಣ ಕಿವಿ ಕೊಡು ಅಂದ್ರೆ ಕಿವಿ ಕೊಡ್ಬೇಕು! ಟಿಕ್ ಅಂದ್ರೆ ಜೀವ ಇದೆ. ಟಿಕ್ ಅನ್ನದೇ ಇದ್ರೆ ಸತ್ತಿದೆ!"

"ಹೂಂ ಅವ್ವಾ. ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಅಂಗಡಿಯಿಂದ ಹೊಸ ರಿಲೇಗಳು ಬಂದವು. ಟಿಕ್ ಅಂದವು. ತಂಪು ಬರಲಿಲ್ಲ. ಶನಿವಾರ ಬಂತು.

"ಹಂಗಾದ್ರೆ ಕರೆಂಟ್ ಎಲ್ಲೋ ನಿಂತಿದೆ," ಅಂದ ಮಸ್ತಾನ್ ಸಾಬ್. "ಲೈನ್‌ಮನ್ ಆಗಿದ್ದನಲ್ಲ ಸಿದ್ರಾಮಜ್ಜ, ಅವನ ಹತ್ರ ವೈರ್ ಕಟ್ಟಿದ ಬಲ್ಬ್ ಇದೆ. ಇಸ್ಕೊಂಡು ಬಾ."

ಸಿದ್ರಾಮಜ್ಜ ಕಟ್ಟೆಯ ಮೇಲೆ ಮಲಗಿದ್ದ. ಕೊಟ್ರ ಕೂಗಲಿಲ್ಲ. ಬಗ್ಗಿ ಅಜ್ಜನ ಎದೆಗೆ ಕಿವಿ ಕೊಟ್ಟ. ಲಬ್ ಅಂತು, ಡಬ್ ಅಂತು. ಟಿಕ್ ಅನ್ನಲಿಲ್ಲ.

"ಅಯ್ಯೋ! ಸಿದ್ರಾಮಜ್ಜ ಸತ್ತ! ಬರ್ರಪ್ಪೋ, ಸಿದ್ರಾಮಜ್ಜ ಸತ್ತ!"

ಓಣಿಗೆ ಓಣಿಯೇ ಬಂತು. ಹೆಂಗಸರು ಸೆರಗು ಬಾಯಿಗಿಟ್ಟರು. ಯಾರೋ ಹೂವಿನ ಹಾರ ತಂದರು, ಯಾರೋ ಬಳ್ಳಾರಿಯ ಮಗನಿಗೆ ಫೋನ್ ಹಚ್ಚಿದರು. ಹಾರ ಹಾಕುವಾಗ ಅಜ್ಜ ಕಣ್ಣು ಬಿಟ್ಟ.

"ಏನ್ರೋ ಇದು? ಯಾವಾಗ ಸತ್ತೆ ನಾನು?"

"ಈಗ ಅಜ್ಜ," ಅಂದ ಕೊಟ್ರ. "ನೀನು ಟಿಕ್ ಅನ್ನಲಿಲ್ಲ."

ಅಜ್ಜ ಹಾರ ಕಿತ್ತು ಕೊಟ್ರನ ಮುಖಕ್ಕೇ ಬೀಸಿದ. ಹಾಲವ್ವ ಓಡಿ ಬಂದು ಅಜ್ಜನ ಕಾಲು ಹಿಡಿದಳು, ಮಗನ ಕಿವಿ ಹಿಂಡಿದಳು.

"ಒಂದು ಜಾಗ ನೋಡಿ ತೀರ್ಮಾನ ಮಾಡ್ತಾರೇನೋ? ಮೂಗಿನ ಹತ್ರ ನೋಡ್ಬೇಕು, ಕೈ ಹಿಡಿದು ನೋಡ್ಬೇಕು, ಒಂದು ಜಾಗ ಬಿಡದೆ ಎಲ್ಲಾ ಕಡೆ ನೋಡ್ಬೇಕು!"

"ಹೂಂ ಅವ್ವಾ. ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಅಜ್ಜ ಸಿಟ್ಟಿನಲ್ಲೇ ಬಲ್ಬ್ ಹಿಡಿದು ಬಂದು ಪರೀಕ್ಷೆ ಮಾಡಿದ. "ಕರೆಂಟ್ ಬರ್ತಿದೆ. ಹಿಂದಕ್ಕೆ ಹೋಗೋ ದಾರಿ ಕಟ್ಟಾಗಿದೆ. ಈ ಕರಿ ವೈರು ಕಾರಿನ ಮೈಗೆ ಸೇರೋ ಬೋಲ್ಟ್ ಇದೆಯಲ್ಲ, ತುಕ್ಕು ಹಿಡಿದಿದೆ. ಒರಟು ಪಾಲಿಶ್ ಕಾಗದದಿಂದ ತಿಕ್ಕಿ ಬಿಗಿ ಮಾಡು." ಹೇಳಿ, ಇನ್ನೊಮ್ಮೆ ಸಾಯುವ ಮುಂಚೆ ಮನೆ ಸೇರಿಕೊಂಡ.

ಕೊಟ್ರ ಬೋಲ್ಟ್ ತಿಕ್ಕಿದ, ಬಿಗಿ ಮಾಡಿದ. ಆಮೇಲೆ ಅವ್ವನ ಮಾತು ನೆನಪಾಯಿತು: ಒಂದು ಜಾಗ ಬಿಡಬಾರದು! ಬಾನೆಟ್ ತಿಕ್ಕಿದ, ಬಾಗಿಲು ತಿಕ್ಕಿದ, ಏಣಿ ಹಾಕಿ ಟಾಪ್ ತಿಕ್ಕಿದ. ಭಾನುವಾರ ಬೆಳಗ್ಗೆ ಹಾಲವ್ವ ಕಸ ಗುಡಿಸಲು ಬಂದರೆ ಅಂಗಳದ ತುಂಬ ನೀಲಿ ಪುಡಿ. ನಡುವೆ ಪುಕ್ಕ ಕಿತ್ತ ಕೋಳಿಯ ಹಾಗೆ ಕಾರು.

ಅವಳು ಬಾಯಿ ತೆರೆದಳು. ಬೈಗುಳ ಹೊರಡುವ ಮೊದಲೇ ಕೊಟ್ರ ಗುಂಡಿ ಒತ್ತಿದ. ತಣ್ಣನೆ ಗಾಳಿ ಬಂದು ಅವಳ ಮುಖಕ್ಕೆ ಬಡಿಯಿತು. ಹಾಲವ್ವ ಅಲ್ಲೇ ಕಾರಿಗೆ ಕೈಮುಗಿದಳು.

"ಬಣ್ಣ ಹಾಳಾಗ್ಲಿ ಬಿಡು. ಈಗ ಕೇಳಿಲ್ಲಿ! ಹೇಳಿದ್ದಕ್ಕಿಂತ ಎಳ್ಳಷ್ಟೂ ಹೆಚ್ಚಿಗೆ ಮಾಡಬ್ಯಾಡ. ಕಾರನ್ನ ತಂಪು ಮಾಡ್ಕೊಂಡು ಕಂಪ್ಲಿಗೆ ಹೋಗು. ಗಾಜು ಇಳಿಸಬ್ಯಾಡ, ಬಾಗಿಲು ತೆಗೀಬ್ಯಾಡ. ತೆಗೆದ್ರೆ ತಂಪೆಲ್ಲಾ ಹೊರಗೆ! ಅದು ನಿಮ್ಮಕ್ಕನ ತಂಪು, ಜ್ವಾಪಾನ. ಹೊತ್ತು ಮುಳುಗೋದ್ರೊಳಗೆ ಇಲ್ಲಿರಬೇಕು."

"ಹೂಂ ಅವ್ವಾ. ಹಂಗೇ ಮಾಡ್ತೀನಿ."

ಕಂಪ್ಲಿಯಲ್ಲಿ ನೀಲಾ ಹಸಿರು ಸೀರೆ ಉಟ್ಟು, ಮುಡಿ ತುಂಬ ಮಲ್ಲಿಗೆ ಮುಡಿದು ಹೊಸ್ತಿಲಲ್ಲೇ ನಿಂತಿದ್ದಳು. ಕಾರು ಬಂತು. ಗುರುಸಿದ್ದಮ್ಮ ಅದರ ಅವತಾರ ನೋಡಿ ಮೂಗು ಮುರಿದಳು. ಗಾಜಿಗೆ ಅಂಗೈ ಇಟ್ಟಳು. ತಣ್ಣಗಿತ್ತು.

"ನೋಡಕ್ಕೆ ಹೆಂಗಿದ್ರೇನು, ತಂಪಾಗಿದೆ. ಹತ್ತಮ್ಮ ನೀಲಾ. ಬಾಗಿಲು ತೆಗಿಯಪ್ಪ!"

ಕೊಟ್ರ ಒಳಗಿಂದ ತಲೆ ಅಲ್ಲಾಡಿಸಿದ.

"ಲೋ ಕೊಟ್ರಾ, ನಾನು ಕಣೋ! ಅಕ್ಕ! ಬಾಗಿಲು ತೆಗಿಯೋ!"

"ತಂಪು ನಿಂದೇ ಕಣಕ್ಕಾ!" ಗಾಜಿನೊಳಗಿಂದ ಕೂಗಿದ. "ಒಂಚೂರೂ ಚೆಲ್ಲಲ್ಲ! ನೀನೇನೂ ಯೋಚನೆ ಮಾಡಬ್ಯಾಡ!"

ಬೀಗಿತಿ ಗಾಜು ಗುದ್ದಿದಳು. ಭಾವ ಹಿಡಿ ಜಗ್ಗಿದ. ಓಣಿಯ ಹುಡುಗರು ಬಾನೆಟ್ ಬಡಿದರು. ಕೊಟ್ರ ಎಲ್ಲರಿಗೂ ಒಳಗಿಂದಲೇ ಕೈಮುಗಿದ. ಹೊತ್ತು ವಾಲಿತು. ಅವ್ವ ಹೇಳಿದ ಹೊತ್ತು ಮೀರಬಾರದಲ್ಲ, ಕಾರು ತಿರುಗಿಸಿಕೊಂಡು ಹೊರಟ.

ಹಾಲವ್ವ ಆರತಿ ತಟ್ಟೆ ಹಿಡಿದು ಓಣಿಯ ತುದಿಯಲ್ಲೇ ಕಾಯುತ್ತಿದ್ದಳು. ಕಾರು ನಿಂತಿತು. "ಬಂದೆಯಾ ನನ್ನವ್ವಾ," ಅಂತ ಓಡಿ ಹೋಗಿ ಹಿಂದಿನ ಗಾಜಿಗೆ ಮುಖ ಒತ್ತಿ ಇಣುಕಿದಳು. ಸೀಟು ಖಾಲಿ.

"ಅಕ್ಕ ಎಲ್ಲೋ?"

"ಕಂಪ್ಲೀಲಿ. ಚೆನ್ನಾಗಿದಾಳೆ."

ಹಾಲವ್ವನಿಗೆ ಮೈಯೆಲ್ಲ ಉರಿಯಿತು. ಕೊಟ್ರನ ಕಡೆಯ ಬಾಗಿಲು ಹಿಡಿದು ಎಳೆದಳು, ಜಗ್ಗಿದಳು, ಕಡೆಗೆ ಬಾಗಿಲು ಧಡಾರನೆ ತೆರೆದುಕೊಂಡಿತು. ತಣ್ಣನೆ ಗಾಳಿ ಭುಸ್ ಅಂತ ಹೊರಗೆ ಬಂದು ಬಿಸಿಲಲ್ಲಿ ಕರಗಿಹೋಯಿತು.

ಕೊಟ್ರ ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

"ಏನವ್ವಾ ನೀನು! ಅಷ್ಟು ದೂರ ಒಂದು ತೊಟ್ಟೂ ಚೆಲ್ಲದೆ ಹೋಗಿ, ಒಂದು ತೊಟ್ಟೂ ಚೆಲ್ಲದೆ ವಾಪಸ್ ತಂದಿದ್ದೆ. ಈಗ ಅಕ್ಕನಿಗೆ ಏನು ಹೇಳ್ಲಿ?"